ಐದು ಅಂಕಣ ಅಂದರೆ ಎಷ್ಟು ಅಡಿ?

ಸಂಪಾದಕರೇ,

ಹಳ್ಳಿಯಲ್ಲಿ ಮನೆ ಕಟ್ಟೋದಕ್ಕೆ ಲೈಸೆನ್ಸ್ ಯಾಕೆ, ಸ್ವಂತ ಜಾಗ ಇದ್ದರೆ ಸಾಕಲ್ವಾ ಅಂತ ಪೇಟೆಯ ಸ್ನೇಹಿತರು ಈಗಲೂ ಕೇಳುತ್ತಾರೆ. ಸಾಲದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಪ್ರಕಾರ ಹೊಸ ಮನೆ ಕಟ್ಟುವುದಕ್ಕೂ, ಇರುವ ಮನೆಗೆ ಏನಾದರೂ ಸೇರಿಸುವುದಕ್ಕೂ ಗ್ರಾಮ ಪಂಚಾಯ್ತಿಯ ಲಿಖಿತ ಅನುಮತಿ ಬೇಕು. ಬೇಕೇ ಬೇಕು, ನನ್ನ ತಕರಾರಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಮೆಟ್ಟಿಲನ್ನು ರಸ್ತೆಗೇ ಇಳಿಸಿದ್ದಾರೆ, ಇನ್ನೊಬ್ಬರ ಸಜ್ಜಾದ ನೀರು ಪಕ್ಕದ ಮನೆ ಅಂಗಳಕ್ಕೆ ಬೀಳುತ್ತದೆ, ಟ್ರ್ಯಾಕ್ಟರ್ ಬಂದರೆ ಚಾಲಕ ಇಳಿದು ಎರಡೂ ಕಡೆ ಇಣುಕಿ ನೋಡಿ ಹೋಗಬೇಕು. ಯಾರೂ ಕೇಳದಿದ್ದರೆ ಹೀಗೇ ಆಗೋದು. ನನ್ನ ದೂರು ಬೇರೆ.

ಕಳೆದ ಮಳೆಗಾಲದಲ್ಲಿ ನಮ್ಮ ಹಳೇ ಮನೆಯ ಹಿಂದಿನ ಗೋಡೆ ಕುಸಿಯಿತು. ಮಣ್ಣಿನ ಗೋಡೆ, ಅದರ ವಯಸ್ಸು ಮುಗಿದಿತ್ತು. ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಹೊಸದು ಕಟ್ಟೋಣ ಅಂತ ಪಂಚಾಯ್ತಿಗೆ ಹೋದೆ. (ಯಾವ ಪಂಚಾಯ್ತಿ ಅಂತ ಬರೆಯೋದಿಲ್ಲ, ನಾಳೆಯೂ ನಾನು ಅಲ್ಲಿಗೇ ಹೋಗಬೇಕು.) ಮೊದಲು ಇ-ಸ್ವತ್ತು ತನ್ನಿ ಅಂದರು. 2013ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಗ್ರಾಮಠಾಣಾ, ಅಂದರೆ ಊರಿನ ವಾಸದ ಜಾಗದ ಒಳಗಿನ ಆಸ್ತಿಗೆ ನಮೂನೆ 9 ಮತ್ತು 11ಎ ಅಂತ ಕಂಪ್ಯೂಟರ್ ದಾಖಲೆ ಸಿಗುತ್ತದೆ. ಕೈಬರಹದ ಹಳೇ ಖಾತೆ ಈಗ ನಡೆಯುವುದಿಲ್ಲ. ಸರಿ, ಆದರೆ ನಮ್ಮ ಖಾತೆ ಇರೋದು ತಾತನ ಹೆಸರಲ್ಲಿ. ಅಂದರೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು), ಅದಕ್ಕೆ ವಂಶವೃಕ್ಷ, ಅದಕ್ಕೆ ತಾತನ ಮರಣ ಪತ್ರ, ಆಮೇಲೆ ಅತ್ತೆಯಂದಿರ ಸಹಿ. ತಾತ ತೀರಿಕೊಂಡ ಕಾಲಕ್ಕೆ ನಮ್ಮೂರಲ್ಲಿ ಸಾವನ್ನು ಬರೆಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಅದರ ಕಥೆ ಇನ್ನೊಂದು ಪತ್ರಕ್ಕೆ ಇರಲಿ.

ಪಂಚಾಯ್ತಿಯ ಬೀರುವಿನಿಂದ ಬಿಲ್ ಕಲೆಕ್ಟರ್ ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ಹಳೇ ರಿಜಿಸ್ಟರ್ ತೆಗೆದರು. ಅಂಚು ಗೆದ್ದಲು ತಿಂದಿತ್ತು, ನಮ್ಮ ಪುಟ ಉಳಿದಿತ್ತು, ಪುಣ್ಯ. ಅದರಲ್ಲಿ ಹೀಗಿತ್ತು: ನಾಡಹೆಂಚಿನ ಮನೆ, 5 ಅಂಕಣ. ಚೆಕ್ಕುಬಂದಿ ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಹುಣಸೆಮರ. ಅಷ್ಟೇ. ಕಂಪ್ಯೂಟರ್ ಮಾತ್ರ ಪೂರ್ವ-ಪಶ್ಚಿಮ ಎಷ್ಟು, ಉತ್ತರ-ದಕ್ಷಿಣ ಎಷ್ಟು ಅಂತ ಕೇಳುತ್ತದೆ. ಅಂಕಣ ಅಂದರೆ ಎರಡು ಕಂಬಗಳ ನಡುವಿನ ಜಾಗ. ಒಂದೊಂದು ಮನೆಯಲ್ಲಿ ಒಂದೊಂದು ಅಳತೆ, ಬಡಗಿಗೆ ಸಿಕ್ಕ ತೊಲೆ ಎಷ್ಟು ಉದ್ದ ಇತ್ತೋ ಅಷ್ಟು. ಆಪರೇಟರ್ ಹುಡುಗ ನನ್ನನ್ನೇ ಕೇಳಿದ, "ಅಣ್ಣಾ, ಐದು ಅಂಕಣ ಅಂದ್ರೆ ಎಷ್ಟು ಅಡಿ ಹಾಕ್ಲಿ?" ಅವನ ತಪ್ಪೇನೂ ಇಲ್ಲ. ಹುಣಸೆಮರವನ್ನು ಕಡಿದೂ ತುಂಬಾ ವರ್ಷವಾಯಿತು. ಊರಿನ ಮನೆಗಳನ್ನು ಅಳೆದು ಆಸ್ತಿ ಕಾರ್ಡ್ ಕೊಡುವ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸುತ್ತೇವೆ ಅಂತ ನಮ್ಮ ಮನೆ ಮೂಲೆಗಳಿಗೂ ಸುಣ್ಣದ ಗೆರೆ ಎಳೆದು ಹೋಗಿದ್ದರು. ಗೆರೆ ಮಳೆಗೆ ಅಳಿಸಿತು, ಕಾರ್ಡ್ ಮಾತ್ರ ಬರಲಿಲ್ಲ. ಕೊನೆಗೆ ಸರ್ವೆಯವರಿಂದ ನಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಸರ್ವೆಯರ್ ಬರೋದಕ್ಕೆ ಕಾದ ದಿನಗಳನ್ನು ಎಣಿಸೋದನ್ನು ನಾನು ನಡುವೆ ಬಿಟ್ಟುಬಿಟ್ಟೆ.

ಇಷ್ಟೆಲ್ಲ ಬೇಕು ಅಂತ ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಒಂದು ಸಲ ಹೋದರೆ ಕಂದಾಯ ರಸೀದಿ ಇಲ್ಲ ಅಂತಾರೆ, ಅದು ತಂದರೆ ಎಂಜಿನಿಯರ್ ಸಹಿ ಮಾಡಿದ ಪ್ಲಾನ್ ಎಲ್ಲಿ ಅಂತಾರೆ, ಪ್ಲಾನ್ ತಂದ ದಿನ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ತಾಲ್ಲೂಕಿನ ಮೀಟಿಂಗಿಗೆ ಹೋಗಿರುತ್ತಾರೆ. ಪೂರ್ತಿ ಪಟ್ಟಿ ನನಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಪಂಚಾಯ್ತಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿನ ಹುಡುಗ ತಲೆ ಎತ್ತದೇ ಒಂದೊಂದಾಗಿ ಹೇಳಿದ, ಯಾವುದಕ್ಕೆ ಎಷ್ಟು ಪ್ರತಿ ಅಂತಲೂ ಹೇಳಿದ, "ಎಲ್ಲಾ ನಾನೇ ಮಾಡಿಸಿಕೊಡ್ಲಾ" ಅಂತಲೂ ಕೇಳಿದ. ಮಾಡಿಸಿಕೊಡುವುದಕ್ಕೆ ಎಷ್ಟಾಗುತ್ತದೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಒಪ್ಪಿಬಿಡುತ್ತಿದ್ದೆನೇನೋ, ಅಷ್ಟು ಸಾಕಾಗಿತ್ತು.

ನಮ್ಮದು ಊರೊಳಗಿನ ಜಾಗ, ವಾಸಿ. ಜಮೀನಿನಲ್ಲಿ ಮನೆ ಕಟ್ಟಿದವರ ಪಾಡು ಇನ್ನೂ ಕಷ್ಟ. ಅದಕ್ಕೆ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಡಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಆಗಬೇಕು, ಅಣ್ಣತಮ್ಮಂದಿರ ಜಂಟಿ ಪಹಣಿ ಇದ್ದರೆ ಅದಕ್ಕೂ ಮೊದಲು 11ಇ ನಕ್ಷೆ (ಬೇರೆ ಮಾಡುವ ಪಾಲಿನ ಸರ್ವೆ ನಕ್ಷೆ), ಪೋಡಿ (ಆ ಪಾಲನ್ನು ಬೇರೆಯಾಗಿ ದಾಖಲಿಸೋದು). ಅದೇ 95ನೇ ಪ್ರಕರಣದಲ್ಲಿ ರೈತ ತನ್ನ ಹಿಡುವಳಿಯ ಶೇ 10ನ್ನು ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಬಹುದು ಅಂತಲೂ ಇದೆ. ಇದನ್ನು ನಮ್ಮೂರಿನ ಹತ್ತು ಜನ ರೈತರಿಗೆ ಹೇಳಿದೆ, ಹತ್ತೂ ಜನ ಹೌದಾ ಅಂದರು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಲು ಸಮಯ ಇದೆ, ಇಂಥದ್ದನ್ನು ಹೇಳೋದಕ್ಕೆ ಎರಡು ನಿಮಿಷ ಇಲ್ಲ.

ಈಗ ನನ್ನ ಮುಖ್ಯ ಮಾತು. ಎಲ್ಲಾ ದಾಖಲೆ ಸೇರಿಸಿ ಅರ್ಜಿ ಕೊಟ್ಟೆ. ತೆಗೆದುಕೊಂಡರು. ಸ್ವೀಕೃತಿ ಕೊಡಿ ಅಂದೆ. "ಸರ್ವರ್ ಇಲ್ಲ, ಇಟ್ಟು ಹೋಗಿ, ನೋಡೋಣ" ಅಂದರು. ಇಲ್ಲೇ ಇರೋದು ಎಲ್ಲಾ ಮಸಲತ್ತು. ನಮ್ಮಲ್ಲಿ ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟವರಿಗೆ ಸ್ವೀಕೃತಿಯಾಗಿ 15 ಅಂಕಿಯ ಜಿಎಸ್‌ಸಿ ನಂಬರ್ ಕೊಡಬೇಕು, ಗಡುವಿನೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕು. ಆ ಐನೂರು ಯಾರಿಗೂ ಬೇಡ ಸ್ವಾಮಿ, ನಾನು ಬಸ್ಸಿಗೆ ಅದಕ್ಕಿಂತ ಜಾಸ್ತಿ ಸುರಿದಿದ್ದೇನೆ. ಬೇಕಿರೋದು ಆ ನಂಬರು. ನಂಬರ್ ಬಿದ್ದರೆ ದಿನ ಎಣಿಕೆ ಶುರುವಾಗುತ್ತದೆ, ಮೇಲ್ಮನವಿಗೆ ದಾರಿ ಆಗುತ್ತದೆ. ಇಲ್ಲದಿದ್ದರೆ ನನ್ನ ಅರ್ಜಿ ಮೇಜಿನ ಮೇಲಿರುವ ಒಂದು ಕಾಗದ, ಅದರ ಮೇಲೆ ಟೀ ಲೋಟ ಇಟ್ಟರೂ ಕೇಳೋರಿಲ್ಲ. ಸಕಾಲದ ಅಂಕಿಅಂಶದಲ್ಲಿ ಇಂಥ ಅರ್ಜಿ ತಡವಾಗಿದೆ ಅಂತಲೂ ಬರೋದಿಲ್ಲ, ಯಾಕೆಂದರೆ ಅದು ಬಂದೇ ಇಲ್ಲ.

ಲೈಸೆನ್ಸ್ ಇಲ್ಲದೇ ಕಟ್ಟಿಬಿಡಿ, ಯಾರು ಕೇಳ್ತಾರೆ ಅಂತ ಹೇಳೋರೂ ಇದ್ದಾರೆ. ಮೊದಲಾದರೆ ನಡೀತಿತ್ತು. ಈಗ ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ನೋಡೋದೇ ಇ-ಸ್ವತ್ತು ಮತ್ತು ಲೈಸೆನ್ಸ್. ಅದೂ ಅಲ್ಲದೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಕಟ್ಟಡ ನಿಯಮದಂತೆ ಮುಗಿದಿದೆ ಅನ್ನುವ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು ಅಂತ ಹೇಳಿದೆ. ನಿಯಮ ಹೀಗೆ ಬಿಗಿ ಆಗುತ್ತಾ ಹೋದರೆ, ನಿಯಮದ ಪ್ರಕಾರ ನಡೆಯೋಣ ಅಂತ ಬಂದವನಿಗೆ ಬಾಗಿಲಾದರೂ ತೆರೆದಿರಬೇಕಲ್ವಾ?

ದೊಡ್ಡದೇನೂ ಕೇಳುತ್ತಿಲ್ಲ. ಯಾವ ಯಾವ ದಾಖಲೆ ಬೇಕು, ಶುಲ್ಕ ಎಷ್ಟು ಅಂತ ಪಂಚಾಯ್ತಿ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿ. ಉದ್ಯೋಗ ಖಾತ್ರಿಯ ಕಾಮಗಾರಿಗೆ ಬೋರ್ಡ್ ಬರೆಸಲು ಆಗುತ್ತದೆ, ಇದಕ್ಕೂ ಆಗುತ್ತದೆ. ಅರ್ಜಿ ತೆಗೆದುಕೊಂಡ ಕೈಯಲ್ಲೇ ನಂಬರ್ ಕೊಡಿ. ಸರ್ವರ್ ಇಲ್ಲದ ದಿನ ಪುಸ್ತಕದಲ್ಲಿ ಬರೆದು ಸೀಲ್ ಹಾಕಿ ಕೊಡಿ. ಹಳೇ ಅಂಕಣದ ಮನೆಗಳಿಗೆ ಸರ್ವೆಯವರು ಒಂದು ದಿನ ಊರಿಗೇ ಬಂದು ಒಟ್ಟಿಗೆ ಅಳೆದುಕೊಂಡು ಹೋಗಲಿ, ಅಂಥ ಮನೆ ನಮ್ಮ ಬೀದಿಯಲ್ಲೇ ಏಳಿವೆ.

ನಾನು ಮಾಡಿದ್ದು ಇಷ್ಟು. ಇನ್ನೊಂದು ಸೆಟ್ ಜೆರಾಕ್ಸ್ ಮಾಡಿಸಿ, ಹೋದ ವಾರ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಅಂಚೆ ಕಚೇರಿಯಿಂದ ಪಂಚಾಯ್ತಿಗೆ ಇನ್ನೂರು ಹೆಜ್ಜೆ. ಕವರು ಪೇಟೆಗೆ ಹೋಗಿ, ಸುತ್ತಾಡಿ, ಮೂರನೇ ದಿನ ವಾಪಸ್ ಊರಿಗೆ ಬಂತು. ಕೊಟ್ಟು ಬಂದ ಪೋಸ್ಟ್‌ಮನ್ ದಾರಿಯಲ್ಲಿ ಸಿಕ್ಕಿ ನಗುತ್ತಾ ಕೇಳಿದರು, "ಅಲ್ಲಾ, ಎದುರಿಗೇ ಇದೆಯಲ್ರೀ ಆಫೀಸು, ನೀವೇ ಕೊಡಬಾರದಿತ್ತಾ?" ಕೊಟ್ಟಿದ್ದೆ ಅಂತ ಹೇಳಿದೆ. ಮುಟ್ಟಿದ ರಸೀದಿ ಈಗ ನನ್ನ ಹತ್ತಿರ ಇದೆ, ತಾರೀಖಿನ ಸಮೇತ.

– ಹಳ್ಳಿಯ ಒಬ್ಬ ಓದುಗ