ಹಳೇ ಅತ್ತಿಮರದಿಂದ 200 ಮೀಟರ್

ಕೂಸೇ,

ಭಾನುವಾರ ನಡುವೆಯೇ ಫೋನ್ ಕಟ್ ಮಾಡಿದ್ದು ನನ್ನ ತಪ್ಪು. ಆಯಿ ಅವತ್ತಿಂದ ಮುಖ ಕೊಟ್ಟು ಮಾತಾಡಿಲ್ಲ. ನಾಳೆ ನೀನು ವಿಮಾನ ಹತ್ತುತ್ತೀಯ. ಅದಕ್ಕೇ ಬರೆದು, ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಿದ್ದೇನೆ.

ನೀನು ಕೋಸ್ಟಾ ರಿಕಾ ದೇಶಕ್ಕೆ ಹೋಗುತ್ತೇನೆ ಅಂದಾಗ ನನಗೆ ಸಿಟ್ಟು ಬರಲಿಲ್ಲ. ಒಬ್ಬಳೇ ಅಂದಾಗಲೂ ಸುಮ್ನಿದ್ದೆ. ಉಳಿಯುವ ಜಾಗದ ವಿಳಾಸ ಕೇಳಿದರೆ 'ಸ್ಯಾನ್ ಹೋಸೆ ಪಕ್ಕ ಸ್ಯಾನ್ ಪೆಡ್ರೊ, ಹಳೇ ಅತ್ತಿಮರದಿಂದ 200 ಮೀಟರ್ ದಕ್ಷಿಣಕ್ಕೆ' ಅಂದೆ. ಆ ಮರ ಹೋಗಿ ಎಷ್ಟೋ ವರ್ಷ ಆಯಿತು ಅಂತ ನಕ್ಕೆ ಬೇರೆ. 31 ವರ್ಷ ಟಪಾಲು ಹಂಚಿದವನಿಗೆ ಹೇಳುವ ಮಾತಾ ಅದು?

ಆಮೇಲೆ ಓದಿದೆ. ಅಲ್ಲಿ ವಿಳಾಸ ಹೇಳುವುದೇ ಹೀಗೆ ಗುರುತಿನ ಮೇಲಂತೆ. 100 ಮೀಟರ್ ಅಂದರೆ ಅಲ್ಲಿ ಅಳತೆಯೇ ಅಲ್ಲ, ಒಂದು ಅಡ್ಡರಸ್ತೆಯಿಂದ ಮುಂದಿನದರವರೆಗೆ. 'ಕೋಕಾ ಕೋಲಾ' ಅಂದರೆ ಬಸ್‌ಸ್ಟ್ಯಾಂಡ್. ಕಾರ್ಖಾನೆ ಇದ್ದದ್ದು ಯಾವ ಕಾಲದಲ್ಲೋ. 1948ರಲ್ಲಿ ಆಗ ದೇಶ ಆಳುತ್ತಿದ್ದ ಹೋಸೆ ಫಿಗೆರೆಸ್ ಕೋಟೆ ಗೋಡೆಗೆ ಸುತ್ತಿಗೆಯಲ್ಲಿ ಹೊಡೆದು ಸೈನ್ಯವನ್ನೇ ರದ್ದು ಮಾಡಿದರಂತೆ. ಆ ಕೋಟೆ ಈಗ ಮ್ಯೂಸಿಯಂ, ನೋಡು. ಸೈನ್ಯವೇ ಬೇಡ ಅಂದವರಿಗೆ ಮನೆ ನಂಬರ್ ಯಾಕೆ, ಬಿಡು.

ನನ್ನ ತಲೆಯಲ್ಲಿ ಕೂತಿರುವುದು ಮಾರಿಕಾಂಬಾ ಜಾತ್ರೆ. ನೀನು ಕೈ ಬಿಡಿಸಿಕೊಂಡು ಓಡಿದೆ ಅಂತ ಮದುವೆ ಮನೆಗಳಲ್ಲಿ ನಾನೇ ಹೇಳಿ ಎಲ್ಲರನ್ನೂ ನಗಿಸಿದ್ದೇನೆ, ಅಲ್ವಾ? ನೀನು ಓಡಲಿಲ್ಲ. ಬೀಡಿ ಹಚ್ಚಲು ನಾನೇ ಕೈ ಬಿಟ್ಟೆ. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದು ಗೀರಿದೆ. ತಲೆ ಎತ್ತಿದರೆ ನೀನಿಲ್ಲ. ಎರಡು ಕಡ್ಡಿಯಷ್ಟು ಹೊತ್ತು. ತೊಟ್ಟಿಲ ಹತ್ತಿರ ಓಡಿದೆ, ಬಳೆ ಅಂಗಡಿ ಸಾಲು, ಮತ್ತೆ ತೊಟ್ಟಿಲು. ಪೇಟೆಯ ಮನೆ ಮನೆ ಗೊತ್ತಿದ್ದವನಿಗೆ ತನ್ನ ಕೂಸು ಎಲ್ಲಿ ಅಂತ ಗೊತ್ತಿಲ್ಲ. ನೀನು ಕಬ್ಬಿನ ಹಾಲಿನವನ ಸ್ಟೂಲ್ ಮೇಲೆ ಆರಾಮಾಗಿ ಕೂತಿದ್ದೆ. ಅಳುತ್ತಿದ್ದವನು ನಾನು. ಎರಡನೇ ಕಡ್ಡಿ ಗೀರಬಾರದಿತ್ತು.

ಪಾಸ್‌ಪೋರ್ಟ್ ರೂಮಿನಲ್ಲಿಡು, ಜೆರಾಕ್ಸ್ ಮಾತ್ರ ಇಟ್ಟುಕೋ. ಕತ್ತಲಾದ ಮೇಲೆ ನಡೆದು ಹೋಗಬೇಡ. ಮಳೆಗಾಲ, ಮಧ್ಯಾಹ್ನದ ಮೇಲೆ ಹೊಯ್ಯುತ್ತದಂತೆ, ಛತ್ರಿ ಬೇಕು. ಬೆಳಗ್ಗೆ ಅನ್ನಕ್ಕೆ ಕಾಳು ಕಲಸಿ ಕೊಡುತ್ತಾರಂತೆ, ಅದನ್ನೇ ತಿನ್ನು. ಯಾರಾದರೂ ದಾರಿ ತೋರಿಸುತ್ತೇನೆ ಅಂದರೆ... ಇರಲಿ, ಜಾಸ್ತಿ ಆಯಿತು. ನೀನು ಒಬ್ಬಳೇ ಹೊರಟಿದ್ದನ್ನು ಪೇಟೆಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದಿದ್ದೇನೆ, ಆಯಿಗೆ ಹೇಳಬೇಡ.

ಮುಟ್ಟಿದ ಮೇಲೆ ಆ ಇಲ್ಲದ ಮರದಿಂದ ನಿನ್ನ ರೂಮಿನ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ಕಳಿಸು. ಅಲ್ಲಿ ಮಧ್ಯಾಹ್ನ ಅಂದರೆ ಇಲ್ಲಿ ನಡುರಾತ್ರಿ. ಎದ್ದಿರುತ್ತೇನೆ.

ನಿನ್ನ ಅಪ್ಪ