ಪ್ರಾರ್ಥಿಸಿದರೂ ಮಾರ್ಕ್ಸ್ ಬರಲಿಲ್ಲ ಅಂದೆಯಲ್ಲ ಪುಟ್ಟಿ

ಪ್ರೀತಿಯ ಪುಟ್ಟಿ,

ಯೇಸು ಸ್ವಾಮಿಯ ಶಾಂತಿ ನಿನ್ನ ಜೊತೆ ಇರಲಿ. ನಾವೆಲ್ಲ ಚೆನ್ನಾಗಿದ್ದೇವೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯಿತು. ಈಗ ಸಕಲೇಶಪುರದ ಕಡೆ ಎಲ್ಲರಿಗೂ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯದೇ ಯೋಚನೆ. ಅಪ್ಪ ಎಸ್ಟೇಟಿನ ಲೆಕ್ಕಪತ್ರ ಹಿಡಿದು ರಾತ್ರಿವರೆಗೂ ಕೂತಿರುತ್ತಾರೆ. ಅಜ್ಜಿಯ ಮಂಡಿನೋವು ಸ್ವಲ್ಪ ಕಡಿಮೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಹೇಳುವಷ್ಟರಲ್ಲಿ ನಿನ್ನ ಹಿಂದೆ ನಿಂತಿದ್ದ ಹುಡುಗಿಯ ಸರದಿ ಬಂತು. ಹಾಸ್ಟೆಲಿನ ಫೋನಿನಲ್ಲಿ ಮುಗಿಯುವ ಮಾತೂ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಿಡುವಾದಾಗ ಓದು, ಅವಸರವಿಲ್ಲ.

"ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪರೀಕ್ಷೆಗೆ ಮುಂಚೆ ದಿನಾ ಮಣಿ ಎಣಿಸಿ ಮರಿಯಮ್ಮನವರ ಜಪಸರ ಹೇಳಿದೆ ಅಮ್ಮ. ಆದರೂ ಗಣಿತದಲ್ಲಿ 80ಕ್ಕೆ 41 ಬಂತು. ನನ್ನ ಪಕ್ಕದವಳು ಯಾವ ದೇವರಿಗೂ ಕೈಮುಗಿಯುವುದಿಲ್ಲ, ಅವಳಿಗೆ 74. ದೇವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲವಾ?" ಅಂತ ಕೇಳಿದೆ.

ಮೊದಲು ಒಂದು ಮಾತು. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು, ಸುಮ್ನೆ ಬಾಯಿಮಾತಿಗೆ ಜಪ ಹೇಳುತ್ತಾ ಇದ್ದಿದ್ದರೆ ಬೇಜಾರಾಗುತ್ತಿತ್ತು. ದೇವರ ಹತ್ತಿರ ಹೀಗೆ ಜಗಳ ಮಾಡಿದವರು ಬೈಬಲಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೀರ್ತನೆಗಳನ್ನು ತೆಗೆದು ನೋಡು. "ಎಷ್ಟು ಕಾಲ ನನ್ನನ್ನು ಮರೆತಿರುತ್ತೀ?" ಅಂತ ದೇವರನ್ನೇ ಕೇಳುವ ಪ್ರಾರ್ಥನೆಗಳಿವೆ ಅದರಲ್ಲಿ. ಅವನ್ನು ಯಾರೂ ಕಿತ್ತುಹಾಕಲಿಲ್ಲ. ಇವತ್ತಿಗೂ ಚರ್ಚಿನ ಪೂಜೆಯಲ್ಲಿ ನಾವು ಕೀರ್ತನೆಗಳನ್ನು ಹಾಡುತ್ತೇವೆ.

ಈಗ ನಿನ್ನ ಪ್ರಶ್ನೆ. ಇದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಅಲ್ವಾ, ಗೆತ್ಸೆಮನಿ ತೋಟದಲ್ಲಿ ಏನಾಯಿತು ಅಂತ ಯೋಚಿಸು. ನಾಳೆ ಶಿಲುಬೆ ಕಾದಿದೆ ಅಂತ ಯೇಸುವಿಗೆ ಗೊತ್ತಿತ್ತು. ಅವರಿಗೂ ಭಯವಾಯಿತು. ಬೆವರು ಇಳಿಯಿತು. ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ತಂದೆಯನ್ನು ಬೇಡಿಕೊಂಡರು. ಒಂದು ಸಲ ಅಲ್ಲ, ಮೂರು ಸಲ. ದೇವರ ಮಗನೇ ಬೇಡಿಕೊಂಡರೂ ಪಾತ್ರೆ ದೂರವಾಗಲಿಲ್ಲ. ಹಾಗಂತ ತಂದೆ ಕೇಳಿಸಿಕೊಳ್ಳಲಿಲ್ಲ ಅಂತ ಹೇಳೋಕ್ಕಾಗುತ್ತಾ? ಯೇಸುವಿನ ಕಥೆ ಬರೆದವರಲ್ಲಿ ಒಬ್ಬರಾದ ಲೂಕ ಒಂದು ವಿಷಯ ಸೇರಿಸಿ ಬರೆದಿದ್ದಾರೆ. ಸ್ವರ್ಗದಿಂದ ಒಬ್ಬ ದೇವದೂತ ಬಂದು ಅವರನ್ನು ಬಲಪಡಿಸಿದನಂತೆ. ಅದಾದ ಮೇಲೆ ಯೇಸು ಎದ್ದರು, ಮಲಗಿದ್ದ ಶಿಷ್ಯರನ್ನು ಎಬ್ಬಿಸಿದರು, ತಮ್ಮನ್ನು ಹಿಡಿಯಲು ಬಂದವರ ಎದುರಿಗೆ ತಾವೇ ಹೋದರು.

ನಾನು ಈ ಭಾಗವನ್ನು ಎಷ್ಟು ಸಲ ಓದಿದರೂ ಅಲ್ಲೇ ನಿಂತುಬಿಡುತ್ತೇನೆ. ಬೇಡಿಕೊಂಡದ್ದು ಒಂದು, ಸಿಕ್ಕಿದ್ದು ಇನ್ನೊಂದು. ಆದರೆ ಸಿಕ್ಕಿದ್ದು ಬರೀ ಕೈಯಲ್ಲ. ನೀನು 41 ನೋಡಿ ಅತ್ತೆ, ಸರಿ. ಆದರೆ ಮಾರನೇ ದಿನ ಅದೇ ಪೇಪರ್ ಇಟ್ಟುಕೊಂಡು ತ್ರಿಕೋನಮಿತಿಯ ಲೆಕ್ಕಗಳನ್ನು ಮತ್ತೆ ಮಾಡಲು ಕೂತೆ ಅಂತ ನೀನೇ ಹೇಳಿದೆ. ಆ ಕೂರುವ ಶಕ್ತಿ ಎಲ್ಲಿಂದ ಬಂತು ಅಂತ ನೀನು ಯೋಚಿಸಿದ್ದೀಯಾ? ನನಗಂತೂ ಅದು ನಿನ್ನ ಜಪಸರದ ಉತ್ತರ ಅಂತಲೇ ಅನಿಸುತ್ತದೆ.

ಇಷ್ಟು ಜಪಕ್ಕೆ ಇಷ್ಟು ಮಾರ್ಕ್ಸ್ ಅಂತ ದೇವರ ಹತ್ತಿರ ಲೆಕ್ಕ ಹಾಕಬೇಡ ಕಂದ. ಪಕ್ಕದವಳಿಗೆ 74 ಬಂದದ್ದು ಅವಳು ಓದಿದ್ದಕ್ಕೆ. ತಂದೆಯಾದ ದೇವರು ಒಳ್ಳೆಯವರು ಕೆಟ್ಟವರು ಅಂತ ನೋಡದೆ ಎಲ್ಲರ ಮೇಲೂ ಸೂರ್ಯ ಮೂಡಿಸುತ್ತಾರೆ, ಮಳೆ ಸುರಿಸುತ್ತಾರೆ ಅಂತ ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುವೇ ಹೇಳಿದ್ದಾರೆ. ಅವಳ ಬಗ್ಗೆ ಹೊಟ್ಟೆ ಉರಿಸಿಕೊಳ್ಳಬೇಡ. ಆ ಲೆಕ್ಕ ಹೇಗೆ ಮಾಡಿದೆ ಅಂತ ಕೇಳು. ಹೇಳಿಕೊಡುತ್ತಾಳೆ.

ಕೇಳುವುದರ ಬಗ್ಗೆ ಇನ್ನೂ ಹೇಳಬೇಕು. ಗಣಿತದ ಮೇಡಂ ಹತ್ತಿರ ಅನುಮಾನ ಕೇಳಲು ನಾಚಿಕೆ ಅಂದೆ. ಯೇಸು ಹನ್ನೆರಡು ವರ್ಷದವರಿದ್ದಾಗ ಜೆರುಸಲೇಮಿನಲ್ಲಿ ತಪ್ಪಿಸಿಕೊಂಡ ಕಥೆ ಧರ್ಮೋಪದೇಶದ ತರಗತಿಯಲ್ಲಿ ಓದಿದ್ದೀಯ. ಮೂರು ದಿನವಾದ ಮೇಲೆ ತಾಯಿ ಮರಿಯಮ್ಮನವರಿಗೂ ಸಾಕುತಂದೆ ಸಂತ ಜೋಸೆಫರಿಗೂ ಅವರು ದೇವಾಲಯದಲ್ಲಿ ಸಿಕ್ಕಿದರು. ಏನು ಮಾಡುತ್ತಿದ್ದರು? ಗುರುಗಳ ನಡುವೆ ಕೂತು, ಅವರ ಮಾತು ಕೇಳುತ್ತಾ, ಪ್ರಶ್ನೆ ಕೇಳುತ್ತಾ ಇದ್ದರು. ದೇವರ ಮಗನೇ ಪ್ರಶ್ನೆ ಕೇಳಿದ್ದಾರೆ ಅಂದ ಮೇಲೆ ನಿನಗೇನು ನಾಚಿಕೆ? ನಾನೂ ಟೀಚರ್ ಆಗಿದ್ದೀನಲ್ಲ, ಒಂದು ಮಾತು ನಂಬು. ಕೇಳುವ ಮಕ್ಕಳನ್ನು ಕಂಡರೆ ಟೀಚರಿಗೆ ಖುಷಿಯೇ ಆಗುತ್ತದೆ.

ರಾತ್ರಿ ಒಂದು ಗಂಟೆವರೆಗೂ ಓದುತ್ತೀಯಂತೆ. ಅದು ಬೇಡ. ಪ್ರವಾದಿ ಎಲೀಯ ದಣಿದು, ಸಾಕಪ್ಪಾ ಈ ಜೀವ ಅಂತ ಮರುಭೂಮಿಯ ಗಿಡದ ಕೆಳಗೆ ಮಲಗಿಬಿಟ್ಟಾಗ ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದರು. ಇನ್ನೊಂದು ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದೂರದ ದಾರಿ ನಡೆಯಬೇಕಿತ್ತಲ್ಲ. ದೇವರ ಜೊತೆ ಮಾತುಕತೆ ನಡೆದದ್ದು ಅದಾದ ಮೇಲೆ. ನೀನೂ ಹತ್ತೂವರೆಗೆ ಮಲಗು, ಐದಕ್ಕೆ ಏಳು. ಬೆಳಗಿನ ತಿಂಡಿ ಬಿಟ್ಟು ಪರೀಕ್ಷೆಗೆ ಹೋಗಬೇಡ. ತಪಸ್ಸುಕಾಲ ಅಂತ ನೀನು ಉಪವಾಸ ಮಾಡುವ ಅಗತ್ಯ ಇಲ್ಲ. ಆ ಕಟ್ಟಳೆ 18 ವರ್ಷ ತುಂಬಿದವರಿಗೆ. ಶುಕ್ರವಾರ ಮಾಂಸ ಬಿಟ್ಟರೆ ಸಾಕು. ಹಾಸ್ಟೆಲಿನಲ್ಲಿ ಅದೇನು ಕಷ್ಟವಲ್ಲ ಅಂತ ನನಗೆ ಗೊತ್ತು.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಶಾಲೆಗೆ ಹೋದಾಗ ಹುಡುಗಿಯರು ನಕ್ಕರು, ನೀನು ಒರೆಸಿಕೊಂಡೆ ಅಂತ ಹೇಳಿದೆ. ಅದರ ಬಗ್ಗೆ ಅಪ್ಪನೂ ನಾನೂ ಮಾತಾಡಿಕೊಂಡೆವು. ಬೈಯಬೇಕು ಅಂತ ನಮ್ಮಿಬ್ಬರಿಗೂ ಅನಿಸಲಿಲ್ಲ. ನೀನೊಬ್ಬಳೇ ಇದ್ದೀಯ ಅಲ್ಲಿ.

ಬೈಬಲಿನಲ್ಲಿ ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯ ಓದು ಪುಟ್ಟಿ. ಒಂದೇ ಪುಟ. ಅದು ಹಾಸ್ಟೆಲ್ ಮಕ್ಕಳಿಗೇ ಬರೆದ ಹಾಗಿದೆ. ದಾನಿಯೇಲ, ಅವನ ಮೂವರು ಗೆಳೆಯರು, ಊರು ಬಿಟ್ಟು ಬಾಬಿಲೋನಿಗೆ ಬಂದ ಹುಡುಗರು. ಅಲ್ಲಿ ಹೊಸ ಭಾಷೆ, ಹೊಸ ವಿದ್ಯೆ, ಮೂರು ವರ್ಷದ ಓದು. ಹೆಸರನ್ನೂ ಬದಲಾಯಿಸಿಬಿಟ್ಟರು. ಅವರು ಓದು ಬೇಡ ಅನ್ನಲಿಲ್ಲ. ಮನಸ್ಸಿಟ್ಟು ಕಲಿತರು, ರಾಜನ ಎದುರು ಎಲ್ಲರಿಗಿಂತ ಜಾಣರು ಅನಿಸಿಕೊಂಡರು. ಒಂದೇ ಒಂದು ವಿಷಯ ಮಾತ್ರ ಬಿಟ್ಟುಕೊಡಲಿಲ್ಲ. ರಾಜನ ಮನೆಯ ಊಟ ತಮ್ಮ ದೇವರಿಗೆ ಒಪ್ಪುವುದಲ್ಲ ಅಂತ ತೀರ್ಮಾನ ಮಾಡಿದರು. ಅದನ್ನು ಹೇಳಿದ ರೀತಿ ನೋಡು. ತಟ್ಟೆ ಎತ್ತಿ ಎಸೆಯಲಿಲ್ಲ. ಮೇಲ್ವಿಚಾರಕನ ಹತ್ತಿರ ಹೋಗಿ, "ಹತ್ತು ದಿನ ನಮಗೆ ಸೊಪ್ಪು ತರಕಾರಿ, ನೀರು ಕೊಟ್ಟು ನೋಡಿ" ಅಂತ ವಿನಯವಾಗಿ ಕೇಳಿಕೊಂಡರು.

ನಿನ್ನ ಗೆಳತಿಯರು ನಕ್ಕದ್ದು ಗೊತ್ತಿಲ್ಲದ್ದಕ್ಕೆ ಇರಬಹುದು. ಮುಂದಿನ ವರ್ಷ ಕೇಳಿದರೆ ಸಮಾಧಾನವಾಗಿ ಹೇಳು. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗುತ್ತೇವೆ, ಅದನ್ನು ನೆನಪಿಟ್ಟುಕೊಳ್ಳಲು ಹಚ್ಚುತ್ತಾರೆ ಅಂತ. ಅವರ ಮನೆಯ ಹಬ್ಬಕ್ಕೆ ಕರೆದರೆ ಹೋಗು. ಅವರ ಪ್ರಾರ್ಥನೆ, ಉಪವಾಸಗಳ ಬಗ್ಗೆ ಗೌರವವಾಗಿ ಮಾತಾಡು. ಆದರೆ ಪರೀಕ್ಷೆಯಲ್ಲಿ ಯಾರಾದರೂ ಚೀಟಿ ಕೊಟ್ಟರೆ ಮುಟ್ಟಬೇಡ, ನೀನೂ ಕೊಡಬೇಡ. ಅದಕ್ಕೆ ನಾಲ್ಕು ಮಾರ್ಕ್ಸ್ ಹೋದರೆ ಹೋಗಲಿ, ನಾನು ಒಂದು ಮಾತೂ ಆಡುವುದಿಲ್ಲ.

ಕಳೆದ ತಿಂಗಳು ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿ ಒಬ್ಬಳೇ ಕೂತು ಊಟ ಮಾಡುತ್ತಾಳೆ ಅಂದೆಯಲ್ಲ. ಅವಳ ಪಕ್ಕ ಹೋಗಿ ಕೂರು.

ಹಾಸನದಲ್ಲಿ ಚರ್ಚು ದೂರ, ಪ್ರತಿ ಭಾನುವಾರ ಕಳಿಸುವುದಿಲ್ಲ, ನಂಬಿಕೆ ಬಿಟ್ಟುಹೋಗುತ್ತದೇನೋ ಅಂತ ನಿನಗೆ ಹೆದರಿಕೆ. ನಿನ್ನ ತಾತನ ಕಡೆಯವರು ಶೆಟ್ಟಿಹಳ್ಳಿಯವರು ಅಂತ ನಿನಗೆ ಗೊತ್ತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಚರ್ಚನ್ನು ನೋಡಲು ಈಗ ಎಲ್ಲೆಲ್ಲಿಂದಲೋ ಕ್ಯಾಮೆರಾ ಹಿಡಿದು ಬರುತ್ತಾರೆ. ಅವರಿಗೆ ಅದು ನೀರಿನಲ್ಲಿ ನಿಂತ ಪಾಳು ಗೋಡೆ. ತಾತನಿಗೆ ಅದು ಜ್ಞಾನಸ್ನಾನ ಪಡೆದ ಜಾಗ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಬಂತು, ಜನ ಮನೆಮಠ ಬಿಟ್ಟು ಹೊರಟರು. ಚರ್ಚನ್ನು ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ. ಹೋದ ಕಡೆ ಸಂಜೆ ದೀಪ ಹಚ್ಚಿ ಮೊಣಕಾಲೂರಿ ಜಪಸರ ಹೇಳಿದರು. ಅಜ್ಜಿಗೆ ಅದು ಅವರ ಅತ್ತೆಯಿಂದ ಬಂತು, ನನಗೆ ಅಜ್ಜಿಯಿಂದ. ಸಂತ ಪೌಲರು ತಮ್ಮ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿಯ ಹೆಸರು, ಅಮ್ಮನ ಹೆಸರು ಎರಡನ್ನೂ ಹೇಳಿ, ಅವರಲ್ಲಿದ್ದ ನಂಬಿಕೆಯೇ ನಿನ್ನಲ್ಲೂ ಇದೆ ಅನ್ನುತ್ತಾರೆ. ಮನೆಯಲ್ಲಿ ಕಲಿತದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಓದಲು ಕೂರುವ ಮುಂಚೆ ಶಿಲುಬೆ ಗುರುತು ಹಾಕಿ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳು. ಪರೀಕ್ಷೆ ಮುಗಿಯುವವರೆಗೆ ಅಷ್ಟು ಸಾಕು. ಇಲ್ಲಿ ಏಳು ಗಂಟೆಗೆ ನಾವು ಮೂವರೂ ನಿನ್ನ ಹೆಸರು ಹೇಳಿ ಜಪಸರದ ಉಳಿದದ್ದನ್ನು ಹೇಳುತ್ತೇವೆ.

ಅಪ್ಪ ಫೋನಿನಲ್ಲಿ ಏನೂ ಮಾತಾಡುವುದಿಲ್ಲ, 41ಕ್ಕೆ ಕೋಪ ಬಂದಿದೆಯಾ ಅಂತ ಕೇಳಿದೆ. ಇಲ್ಲ ಪುಟ್ಟಿ. ಅಪ್ಪನ ಮಾತು ಕಡಿಮೆ, ಅಷ್ಟೆ. ಮಾರ್ಚ್ 19ಕ್ಕೆ ಸಂತ ಜೋಸೆಫರ ಹಬ್ಬ. ಯೇಸುವಿನ ಕಥೆ ಹೇಳುವ ಶುಭಸಂದೇಶದಲ್ಲಿ ಎಲ್ಲಿ ಹುಡುಕಿದರೂ ಸಂತ ಜೋಸೆಫರು ಆಡಿದ ಒಂದು ಮಾತೂ ಸಿಗುವುದಿಲ್ಲ. ರಾತ್ರೋರಾತ್ರಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೋದದ್ದು ಮಾತ್ರ ಇದೆ. ನಿನ್ನ ಗಣಿತದ ಹಳೇ ಪ್ರಶ್ನೆಪತ್ರಿಕೆಗಳನ್ನು ಸಕಲೇಶಪುರಕ್ಕೆ ಹೋಗಿ ಜೆರಾಕ್ಸ್ ಮಾಡಿಸಿ ತಂದವರು ಅಪ್ಪನೇ. ಈ ಕಾಗದದ ಜೊತೆ ಇಟ್ಟಿದ್ದೇನೆ.

ಒಂದು ವೇಳೆ ಗಣಿತ ಕೈಕೊಟ್ಟರೂ ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಇದೆ. ಜಾಸ್ತಿ ಬಂದ ಮಾರ್ಕ್ಸ್ ಉಳಿಸಿಕೊಳ್ಳಬಹುದು. 625ಕ್ಕೆ ಎಷ್ಟೇ ಬರಲಿ, ಈ ಮನೆಯಲ್ಲಿ ನಿನ್ನ ಮಂಚ, ನಿನ್ನ ತಟ್ಟೆ, ನಿನ್ನ ಮೇಲಿನ ಅಕ್ಕರೆ ಯಾವುದೂ ಕಡಿಮೆಯಾಗುವುದಿಲ್ಲ. ನಿನ್ನ ಫೀಸು ಕಟ್ಟಲು ನಾವು ಕಷ್ಟಪಡುತ್ತಿದ್ದೇವೆ, ಅದನ್ನು ಮಾರ್ಕ್ಸಿನಲ್ಲಿ ತೀರಿಸಬೇಕು ಅಂತ ತಲೆಯಲ್ಲಿ ಇಟ್ಟುಕೊಳ್ಳಬೇಡ. ಅದು ನಮ್ಮ ಕೆಲಸ, ನಾವು ಸಂತೋಷದಿಂದ ಮಾಡುತ್ತೇವೆ.

ಭಾನುವಾರ ಅಪ್ಪ ಹಾಸನಕ್ಕೆ ಬರುತ್ತಾರೆ. ವಾರ್ಡನ್ ಹತ್ತಿರ ಮಾತಾಡಿ ನಿನ್ನನ್ನು ಬೆಳಗಿನ ಪೂಜೆಗೆ ಕರೆದುಕೊಂಡು ಹೋಗುತ್ತಾರೆ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರವೂ ನಿನ್ನ ಪ್ರಶ್ನೆ ಕೇಳು. ಅವರು ನನಗಿಂತ ಚೆನ್ನಾಗಿ ಹೇಳಬಹುದು. ಅಜ್ಜಿ ಕಡುಬಿನ ಜೊತೆಗೆ ಚಟ್ನಿಪುಡಿ ಕಳಿಸುತ್ತಿದ್ದಾರೆ. ಹೊಸ ಹುಡುಗಿಗೂ ಕೊಡು.

ದೇವರು ನಿನ್ನನ್ನು ಆಶೀರ್ವದಿಸಲಿ.

ನಿನ್ನ ಪ್ರೀತಿಯ
ಅಮ್ಮ