ಹೇಗ್‌ನಿಂದ ಅಪ್ಪನಿಗೊಂದು ಉತ್ತರ

ಹೇಗ್, ನೆದರ್‌ಲ್ಯಾಂಡ್ಸ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಪ್ಪ ಕೇಳಿದ ಪ್ರಶ್ನೆಗೆ ಫೋನಿನಲ್ಲೇ ಉತ್ತರಿಸಲು ಹೊರಟಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ‘ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಿ ಏನಾಗುತ್ತೀಯ, ರಾಯಭಾರಿಯೇ?’ ಎಂದಿರಿ. ಆದರೂ ಆಗಬಹುದು. ಆದರೆ ಅದಕ್ಕೆ ಇದೇ ಪದವಿ ಬೇಕೆಂದೇನೂ ಇಲ್ಲ. ಭಾರತದ ವಿದೇಶಾಂಗ ಸೇವೆಗೂ ದಾರಿ ಯುಪಿಎಸ್‌ಸಿಯ ಸಿವಿಲ್ ಸೇವಾ ಪರೀಕ್ಷೆಯೇ; ಅದನ್ನು ಬರೆಯಲು ಯಾವ ಪದವಿಯಾದರೂ ಸಾಕು.

ಹಾಗಾದರೆ ಇಲ್ಲಿ ಕಲಿಯುವುದೇನು? 2019ರ ಜುಲೈನಲ್ಲಿ ಗೂಢಚಾರನೆಂದು ಪಾಕಿಸ್ತಾನ ಮರಣದಂಡನೆ ವಿಧಿಸಿದ್ದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಇಲ್ಲಿನ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಬಂದಾಗ ನೀವು ಟಿ.ವಿ. ಮುಂದೆ ಕುಳಿತು ‘ಗೆದ್ದೆವು’ ಎಂದಿದ್ದಿರಿ. ಆ ತೀರ್ಪನ್ನು ನಾವು ತರಗತಿಯಲ್ಲಿ ಸಾಲುಸಾಲಾಗಿ ಬಿಡಿಸಿ ಓದಿದೆವು. ಜಾಧವ್ ಗೂಢಚಾರರೋ ಅಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲೇ ಇಲ್ಲ. ಬಂಧಿತನಾದ ವಿದೇಶಿಯನ್ನು ಅವನ ದೇಶದ ಅಧಿಕಾರಿಗಳು ಭೇಟಿಯಾಗಲು ಬಿಡಬೇಕು ಎನ್ನುತ್ತದೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಭಾರತ ಹಿಡಿದದ್ದು ಅದೊಂದೇ ಎಳೆಯನ್ನು. ಆ ಒಪ್ಪಂದದ ವಿವಾದಗಳನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬಹುದೆಂದು ಎರಡೂ ದೇಶಗಳು ಮೊದಲೇ ಒಪ್ಪಿಕೊಂಡಿದ್ದವು. ಹಾಗೆ ಒಪ್ಪಿರದಿದ್ದರೆ ಮೊಕದ್ದಮೆಯೇ ನಿಲ್ಲುತ್ತಿರಲಿಲ್ಲ. ಪಾಕಿಸ್ತಾನ ವಿಧಿಯನ್ನು ಮುರಿದಿದೆ ಎಂದು 16 ನ್ಯಾಯಾಧೀಶರಲ್ಲಿ 15 ಮಂದಿ ಹೇಳಿದರು. ಆದರೆ ಮರಣದಂಡನೆಯನ್ನು ರದ್ದುಮಾಡಿ ಜಾಧವ್ ಅವರನ್ನು ಬಿಡಿಸಿಕೊಡಿ ಎಂಬ ಭಾರತದ ಕೋರಿಕೆಯನ್ನು ಮನ್ನಿಸಲಿಲ್ಲ. ಪಾಕಿಸ್ತಾನವೇ ಅದನ್ನು ಮರುಪರಿಶೀಲಿಸಲಿ, ಅಲ್ಲಿಯವರೆಗೆ ಗಲ್ಲಿಗೇರಿಸಬಾರದು ಎಂದರು. ಗೆದ್ದದ್ದು ನಿಜ ಅಪ್ಪ, ಆದರೆ ನಾವು ಅಂದುಕೊಂಡಷ್ಟಲ್ಲ. (ಟಿ.ವಿ.ಯವರು ಇದೇ ಊರಿನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದೊಂದಿಗೆ ಇದನ್ನು ಕಲಸಿಬಿಡುತ್ತಾರೆ. ಅದು ಬೇರೆ, ಅದು ವಿಚಾರಿಸುವುದು ವ್ಯಕ್ತಿಗಳನ್ನು, ಭಾರತ ಅದರ ಸದಸ್ಯನೂ ಅಲ್ಲ.)

ಜಾಧವ್ ತೀರ್ಪು ಕೊಟ್ಟ ನ್ಯಾಯಾಲಯಕ್ಕೆ ತನ್ನದೇ ಪೊಲೀಸರಿಲ್ಲ. ಸೋತ ದೇಶ ತೀರ್ಪನ್ನು ಪಾಲಿಸದಿದ್ದರೆ ಗೆದ್ದವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಬಹುದು, ಆದರೆ ಅಲ್ಲಿ ಐದು ದೇಶಗಳ ಕೈಯಲ್ಲಿ ನಿರ್ಣಯವನ್ನು ತಡೆಯುವ ವೀಟೊ ಇದೆ. ಹಾಗಿದ್ದೂ ಕೊರಿಯಾ ಯುದ್ಧ ಶುರುವಾದಾಗ, 1950ರ ಜೂನ್‌ನಲ್ಲಿ, ಮಂಡಳಿ ತಟ್ಟನೆ ನಿರ್ಣಯ ತೆಗೆದುಕೊಂಡಿತು. ಕಾರಣ ಸರಳ: ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ವೀಟೊ ಇದ್ದ ಸೋವಿಯತ್ ಒಕ್ಕೂಟದ ಪ್ರತಿನಿಧಿ ಸಭೆಗಳನ್ನು ಬಹಿಷ್ಕರಿಸಿದ್ದರು, ಅವರ ಕುರ್ಚಿ ಖಾಲಿಯಿತ್ತು. ಆ ತಿಂಗಳು ಅಧ್ಯಕ್ಷಸ್ಥಾನದಲ್ಲಿದ್ದವರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು. 1952ರಲ್ಲಿ ಅವರು ಇದೇ ಹೇಗ್‌ಗೆ ನ್ಯಾಯಾಧೀಶರಾಗಿ ಬಂದರು. ತರಗತಿಯಲ್ಲಿ ಅವರ ಹೆಸರು ಕೇಳಿದವರು ನನ್ನೊಬ್ಬಳನ್ನು ಬಿಟ್ಟು ಯಾರೂ ಇರಲಿಲ್ಲ. ಸ್ವಲ್ಪ ಬೀಗಿದೆ, ಸುಳ್ಳು ಹೇಳುವುದಿಲ್ಲ.

ಇತಿಹಾಸ, ಕಾನೂನು ಇಷ್ಟವಾಗಿವೆ. ಸಂಖ್ಯಾಶಾಸ್ತ್ರ ಇರುತ್ತದೆಂದು ಸೇರುವಾಗ ಯಾರಾದರೂ ಒತ್ತಿ ಹೇಳಬೇಕಿತ್ತು. ಅರ್ಥಶಾಸ್ತ್ರ ಇಲ್ಲದಿದ್ದರೆ ಈ ಓದು ಬರೀ ಪತ್ರಿಕೆಯ ಸಂಪಾದಕೀಯದ ಮಟ್ಟದಲ್ಲೇ ನಿಂತುಬಿಡುತ್ತದೆ, ಹಾಗಾಗಿ ಅದನ್ನು ಹಿಡಿದುಕೊಂಡಿದ್ದೇನೆ.

ಕೆಲಸದ ಮಾತಿಗೆ ಬಂದರೆ, ಎಂಜಿನಿಯರಿಂಗ್ ಓದಿದವರ ಹಾಗೆ ಹುದ್ದೆಯ ಹೆಸರು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಸಂಶೋಧನಾ ಸಂಸ್ಥೆ, ಪತ್ರಿಕೆ, ನೆರವು ಸಂಸ್ಥೆ, ರಫ್ತು ಕಂಪನಿ, ಎಲ್ಲ ಕಡೆ ಈ ಓದಿನವರು ಇದ್ದಾರೆ; ಬಹುತೇಕರು ಸ್ನಾತಕೋತ್ತರ ಪದವಿಯನ್ನೂ ಮಾಡಿಕೊಂಡವರು. ಖರ್ಚಿನ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಸದ್ಯ ಒಂದು ವಿದೇಶಿ ಭಾಷೆ ಆರಿಸಿಕೊಳ್ಳಬೇಕಾಗಿದೆ. ಅರಬ್ಬಿಯ ಕಡೆ ಮನಸ್ಸಿದೆ, ಚೀನಿ ಎಂದು ಅಮ್ಮ ಹೇಳುತ್ತಾರೆ ಎಂಬುದೂ ಗೊತ್ತಿದೆ. ಇಬ್ಬರೂ ಮಾತಾಡಿಕೊಂಡು ಬೇಗ ತಿಳಿಸಿ.

ನಿಮ್ಮ ಮಗಳು